ಅಗಲಿದವರಿಗೊಂದು ನೆನಪಿನ ಪುಟ: ಕಟ್ಟುವ ಬಗೆ, ಕಾಯುವ ಬಗೆ

ತೀರಿಕೊಂಡವರ ಹೆಸರಿನಲ್ಲಿ ಅಂತರ್ಜಾಲದಲ್ಲಿ ಒಂದು ಪುಟ ತೆರೆಯಲು ಒಂದು ಸಂಜೆ ಸಾಕು. ಕೆಡುವುದೆಲ್ಲ ಆಮೇಲೆ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಡೊಮೈನ್ (ಹಣ ಕಟ್ಟಿ ಪಡೆದ ಜಾಲತಾಣದ ವಿಳಾಸ) ನವೀಕರಿಸುವವರಿಲ್ಲ, ಪಾಸ್‌ವರ್ಡ್ ಗೊತ್ತಿದ್ದವರು ಫೋನ್ ಬದಲಿಸಿದ್ದಾರೆ, ಕಮೆಂಟಿನ ಜಾಗದಲ್ಲಿ ಸಾಲ ಕೊಡುವವರ ಜಾಹೀರಾತು ತುಂಬಿಕೊಂಡಿದೆ. ಇನ್ನೂ ಬೇಗ ಕೆಡುವುದೂ ಉಂಟು: ಗಡಿಬಿಡಿಯಲ್ಲಿ ಹೋದವರ ಫೋನ್ ನಂಬರನ್ನು ರದ್ದು ಮಾಡಿಸಿ, ಅವರ ಫೋಟೊ, ಪತ್ರ, ದನಿ ಎಲ್ಲಕ್ಕೂ ತಾವೇ ಬಾಗಿಲು ಹಾಕಿಕೊಂಡುಬಿಡುವುದು. ಆದ್ದರಿಂದ ಇಲ್ಲಿ ಪುಟದ ಅಲಂಕಾರಕ್ಕೆ ಜಾಗ ಕಡಿಮೆ. ಯಾವುದನ್ನು ಮೊದಲು ಮಾಡಬೇಕು, ಯಾರು ನೋಡಿಕೊಳ್ಳಬೇಕು ಎಂಬುದಕ್ಕೆ ಹೆಚ್ಚು.

## ಮೊದಲು ಫೋನು, ಸಿಮ್ಮು

ಸಿಮ್ ರದ್ದು ಮಾಡಿಸಬೇಡಿ. ಈಮೇಲ್, ಬ್ಯಾಂಕು, ಫೋಟೊ ಸಂಗ್ರಹ, ಸಾಮಾಜಿಕ ಜಾಲತಾಣ, ಹೀಗೆ ಹೆಚ್ಚಿನ ಖಾತೆಗಳ ಒಟಿಪಿ ಬರುವುದು ಆ ನಂಬರಿಗೇ. ಕೈಬಿಟ್ಟ ನಂಬರನ್ನು ಮೊಬೈಲ್ ಕಂಪನಿಗಳು ಕೆಲವು ತಿಂಗಳ ಬಳಿಕ ಬೇರೆಯವರಿಗೆ ಕೊಡುತ್ತವೆ. ಆಗ ಒಟಿಪಿ ಅಪರಿಚಿತರ ಕೈಗೆ ಹೋಗುತ್ತದೆ. ಇರುವುದರಲ್ಲೇ ಅಗ್ಗದ ಪ್ಲಾನಿಗೆ ಇಳಿಸಿ, ಕನಿಷ್ಠ ಒಂದು ವರ್ಷ ಚಾಲ್ತಿಯಲ್ಲಿಡಿ. ಹಾಗೆಯೇ ಕ್ಲೌಡ್ ಸಂಗ್ರಹಕ್ಕೆ ತಿಂಗಳ ಹಣ ಹೋಗುತ್ತಿದೆಯೇ ನೋಡಿ. ಬ್ಯಾಂಕ್ ಖಾತೆ ಮುಚ್ಚಿದ ಕೂಡಲೇ ಆ ಪಾವತಿ ನಿಲ್ಲುತ್ತದೆ, ಮುಂದೊಂದು ದಿನ ಫೋಟೊಗಳೂ ಹೋಗಬಹುದು.

ಫೋನನ್ನು ರೀಸೆಟ್ ಮಾಡಿ ಮನೆಯ ಇನ್ನೊಬ್ಬರಿಗೆ ಕೊಡುವುದು ಈಗಲೇ ಬೇಡ. ಲಾಕ್ ಸಂಖ್ಯೆ ಗೊತ್ತಿಲ್ಲದಿದ್ದರೆ ಹುಟ್ಟಿದ ದಿನ, ಮದುವೆಯ ದಿನ ಎಂದು ಊಹಿಸುತ್ತ ಒತ್ತಬೇಡಿ. ಐಫೋನಿನಲ್ಲಿ ಹತ್ತು ಸಲ ತಪ್ಪಿದರೆ ಎಲ್ಲವನ್ನೂ ಅಳಿಸುವ ಒಂದು ಆಯ್ಕೆ ಇದೆ, ಅದನ್ನು ಅವರು ಹಾಕಿಟ್ಟಿರಬಹುದು.

ಫೋನ್ ತೆರೆಯಿತೆಂದರೆ ಮೊದಲು ಕೈಹಾಕಬೇಕಾದದ್ದು ವಾಟ್ಸ್ಯಾಪಿಗೆ, ಏಕೆಂದರೆ ಅತಿ ಬೇಗ ಕಳೆದುಹೋಗುವುದು ಅದೇ. ಕೆಲವು ಚಾಟ್‌ಗಳಲ್ಲಿ ತಾನಾಗಿ ಮಾಯವಾಗುವ ಸಂದೇಶಗಳ ಆಯ್ಕೆ ಹಾಕಿರುತ್ತಾರೆ. ಅದಕ್ಕೆ 24 ಗಂಟೆ, 7 ದಿನ ಅಥವಾ 90 ದಿನದ ಗಡುವು. ಅಂಥ ಚಾಟ್‌ಗಳಿಂದ ಶುರುಮಾಡಿ. ಪ್ರತಿ ಚಾಟಿನ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಆಯ್ಕೆ ಇದೆ. ಫೋಟೊ, ದನಿ ಸಮೇತ ತೆಗೆದರೆ ಹಳೆಯ ಸಂದೇಶಗಳು ಬಿಟ್ಟುಹೋಗಬಹುದು, ಏಕೆಂದರೆ ಒಂದು ಸಲಕ್ಕೆ ಇಷ್ಟೇ ಎಂಬ ಮಿತಿ ಇದೆ. ಉದ್ದದ ಚಾಟ್ ಆದರೆ ಒಮ್ಮೆ ಫೋಟೊ ಸಮೇತ, ಇನ್ನೊಮ್ಮೆ ಬರಿಯ ಅಕ್ಷರ ಎಂದು ಎರಡು ಸಲ ತೆಗೆಯಿರಿ. 120 ದಿನ ಬಳಕೆಯಿಲ್ಲದೆ ಬಿದ್ದಿರುವ ವಾಟ್ಸ್ಯಾಪ್ ಖಾತೆಯನ್ನು ಸಾಮಾನ್ಯವಾಗಿ ಕಂಪನಿಯೇ ಅಳಿಸುತ್ತದೆ. ಆಗ ಗುಂಪುಗಳಿಂದ ಅವರ ಹೆಸರೂ ಹೊರಬೀಳುತ್ತದೆ. ಅವರು ಗುಂಪು ತೊರೆದರು ಎಂಬ ಸಾಲು ಅಲ್ಲಿ ದಿಢೀರನೆ ಕಾಣಿಸಿಕೊಂಡಾಗ ಮನೆಯವರಿಗೆ ಆಗುವ ಆಘಾತ ಸಣ್ಣದಲ್ಲ. ಅದು ಬರಲಿದೆ ಎಂದು ಮೊದಲೇ ಹೇಳಿಡುವುದು ಒಳ್ಳೆಯದು.

ಆಮೇಲೆ ಗ್ಯಾಲರಿಯನ್ನು ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ರೆಕಾರ್ಡರಿನಲ್ಲಿರುವ ದನಿ, ನೋಟ್ಸ್ ಆ್ಯಪ್, ಕಾಂಟ್ಯಾಕ್ಟ್‌ಗಳ ಪಟ್ಟಿ ಮೂರನ್ನೂ ಮರೆಯಬೇಡಿ. ಆ ಕಾಂಟ್ಯಾಕ್ಟ್ ಪಟ್ಟಿಯೇ ಮುಂದೆ ಯಾರಿಗೆಲ್ಲ ತಿಳಿಸಬೇಕು, ಯಾರ ಬಳಿ ಹಳೆಯ ಫೋಟೊ ಕೇಳಬಹುದು ಎಂಬುದರ ದಾರಿ.

ಒಂದು ಎಚ್ಚರಿಕೆ. ಇನ್ನೊಬ್ಬರ ಪಾಸ್‌ವರ್ಡ್ ಬಳಸಿ ಒಳಹೋಗುವುದನ್ನು ಹೆಚ್ಚಿನ ಕಂಪನಿಗಳ ನಿಯಮ ಒಪ್ಪುವುದಿಲ್ಲ, ಕೆಲವು ದೇಶಗಳಲ್ಲಿ ಕಾನೂನೂ ಅಡ್ಡಬರಬಹುದು. ಅದಕ್ಕಿಂತ ಹತ್ತಿರದ ಪ್ರಶ್ನೆ, ಆ ಸಂದೇಶಗಳಲ್ಲಿ ಇನ್ನೂ ಬದುಕಿರುವ ಇತರರ ಗುಟ್ಟುಗಳೂ ಇರುತ್ತವೆ ಎಂಬುದು. ಉಳಿಸಿಡುವುದು ಒಂದು, ಓದುವುದು ಇನ್ನೊಂದು. ಎಲ್ಲವನ್ನೂ ಓದಲೇಬೇಕೆಂಬ ಕಟ್ಟಳೆಯಿಲ್ಲ.

## ಅವರೇ ಬಿಟ್ಟುಹೋದ ಖಾತೆಗಳು

ಹೊಸ ಪುಟ ಬೇಕೇ ಬೇಡವೇ ಎಂಬುದು ಹಳೆಯ ಖಾತೆಗಳ ಗತಿ ನೋಡಿದ ಮೇಲಿನ ಮಾತು. ಎಷ್ಟೋ ಸಲ ಅವರ ಫೇಸ್‌ಬುಕ್ ಗೋಡೆಯೇ ನೆನಪಿನ ಪುಟವಾಗಿರುತ್ತದೆ. ಸ್ನೇಹಿತರು ಈಗಾಗಲೇ ಅಲ್ಲಿ ಬರೆಯಲು ಶುರುಮಾಡಿರುತ್ತಾರೆ.

ಫೇಸ್‌ಬುಕ್ಕಿಗೆ ಸಾವಿನ ಸುದ್ದಿ ತಿಳಿಸಿ ಅರ್ಜಿ ಹಾಕಿದರೆ ಖಾತೆಯನ್ನು ಸ್ಮರಣೆಯ ಖಾತೆಯಾಗಿ ಮಾರ್ಪಡಿಸುತ್ತಾರೆ. ಹೆಸರಿನ ಜೊತೆಗೆ ಸ್ಮರಣಾರ್ಥ ಎಂಬ ಅರ್ಥದ ಪದ ಸೇರುತ್ತದೆ, ಹುಟ್ಟುಹಬ್ಬದ ಸೂಚನೆಗಳಲ್ಲೂ ‘ಇವರು ನಿಮಗೆ ಗೊತ್ತಿರಬಹುದು’ ಎಂಬ ಪಟ್ಟಿಯಲ್ಲೂ ಆ ಹೆಸರು ಬರುವುದು ನಿಲ್ಲುತ್ತದೆ. ಆದರೆ ಅಲ್ಲಿಂದ ಮುಂದೆ ಸರಿಯಾದ ಪಾಸ್‌ವರ್ಡ್ ಇದ್ದವರೂ ಒಳಹೋಗಲಾರರು. ಹಾಗಾಗಿ ಫೋಟೊ ಇಳಿಸಿಕೊಳ್ಳುವುದು ಮೊದಲು, ಅರ್ಜಿ ಆಮೇಲೆ. ದುಃಖದಲ್ಲಿರುವ ಸ್ನೇಹಿತರೊಬ್ಬರು ಮನೆಯವರನ್ನು ಕೇಳದೆ ಒಳ್ಳೆಯ ಮನಸ್ಸಿನಿಂದಲೇ ಅರ್ಜಿ ಹಾಕಿಬಿಡುವುದು ಸಾಮಾನ್ಯ. ಹಾಗಾಗದಂತೆ ಹತ್ತಿರದವರಿಗೆ ಒಂದು ಮಾತು ಹೇಳಿಡಿ. ಇನ್ನೊಂದು ತೊಡಕು: ತೀರಿಕೊಂಡವರು ಯಾವುದಾದರೂ ಫೇಸ್‌ಬುಕ್ ಪೇಜಿಗೆ ಒಬ್ಬರೇ ಅಡ್ಮಿನ್ ಆಗಿದ್ದರೆ, ಖಾತೆ ಸ್ಮರಣೆಗೆ ಬದಲಾದಾಗ ಆ ಪೇಜೂ ಹೋಗುತ್ತದೆ. ಅವರು ನಡೆಸುತ್ತಿದ್ದ ಸಂಘದ, ಅಂಗಡಿಯ ಪೇಜ್ ಇದ್ದರೆ ಮೊದಲು ಅದಕ್ಕೆ ಬೇರೆ ಅಡ್ಮಿನ್ ಆಗಬೇಕು.

2015ರಿಂದ ಫೇಸ್‌ಬುಕ್ಕಿನಲ್ಲಿ ಬದುಕಿರುವಾಗಲೇ ಒಬ್ಬರನ್ನು ‘ಲೆಗಸಿ ಕಾಂಟ್ಯಾಕ್ಟ್’ ಎಂದು ನೇಮಿಸಿಡಬಹುದು. ಆ ಒಬ್ಬರು ಪುಟದ ಮೇಲ್ತುದಿಯಲ್ಲಿ ಒಂದು ಬರಹ ನಿಲ್ಲಿಸಬಹುದು, ಮುಖಚಿತ್ರ ಬದಲಿಸಬಹುದು, ಹೊಸ ಸ್ನೇಹದ ಕೋರಿಕೆ ಒಪ್ಪಬಹುದು, ಖಾತೆ ತೆಗೆಸಲು ಕೇಳಬಹುದು. ಸಂದೇಶ ಓದಲಾಗದು, ಇದ್ದ ಸ್ನೇಹಿತರನ್ನು ತೆಗೆಯಲೂ ಆಗದು. ನೇಮಕ ಮಾಡದೆ ಹೋಗಿದ್ದರೆ ಪುಟ ಇದ್ದಹಾಗೆ ನಿಲ್ಲುತ್ತದೆ. ಮುಖಚಿತ್ರ ಅಂದವಾಗಿಲ್ಲ ಎಂದು ಆಮೇಲೆ ಕೊರಗಿದರೆ ಉಪಯೋಗವಿಲ್ಲ.

ಇನ್‌ಸ್ಟಾಗ್ರಾಮಿನಲ್ಲೂ ಸ್ಮರಣೆಯ ಖಾತೆ ಇದೆ, ಇದ್ದ ಪೋಸ್ಟುಗಳು ಇದ್ದಂತೆಯೇ ಉಳಿಯುತ್ತವೆ. ಲಿಂಕ್ಡ್‌ಇನ್ ಖಾತೆಯನ್ನು ಸ್ಮರಣೆಗೆ ಇಡಿಸಬಹುದು ಅಥವಾ ಮುಚ್ಚಿಸಬಹುದು. ಎಕ್ಸ್‌ನಲ್ಲಿ, ಅಂದರೆ ಹಳೆಯ ಟ್ವಿಟರಿನಲ್ಲಿ, ಮನೆಯವರು ಕೇಳಬಹುದಾದದ್ದು ಖಾತೆ ಮುಚ್ಚುವುದನ್ನು. ಎರಡು ವರ್ಷ ಯಾರೂ ಮುಟ್ಟದ ವೈಯಕ್ತಿಕ ಗೂಗಲ್ ಖಾತೆಯನ್ನು ಅಳಿಸುವ ನಿಯಮ 2023ರಲ್ಲಿ ಬಂತು. ಜಿಮೇಲು, ಡ್ರೈವು, ಫೋಟೊ ಎಲ್ಲವೂ ಆ ಲೆಕ್ಕಕ್ಕೆ ಬರುತ್ತವೆ. ‘ಇರಲಿ, ಮುಂದೆ ನೋಡೋಣ’ ಎಂದು ಬಿಟ್ಟರೆ ನಷ್ಟವಾಗುವುದು ಇಲ್ಲೇ.

ಇವೆಲ್ಲಕ್ಕೂ ಕೇಳುವ ಕಾಗದಗಳು ಹೆಚ್ಚುಕಡಿಮೆ ಒಂದೇ: ಮರಣ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿ, ಸಂಬಂಧ ತೋರಿಸುವ ದಾಖಲೆ. ಸ್ಮರಣೆಗೆ ಬದಲಿಸಲು ಕೆಲವೆಡೆ ಪತ್ರಿಕೆಯಲ್ಲಿ ಬಂದ ನಿಧನ ವಾರ್ತೆಯ ಲಿಂಕೂ ನಡೆಯುತ್ತದೆ. ಖಾತೆ ಅಳಿಸಲು ಸಾಮಾನ್ಯವಾಗಿ ಪ್ರಮಾಣಪತ್ರ ಬೇಕು. ಎಲ್ಲವನ್ನೂ ಒಮ್ಮೆ ಸ್ಪಷ್ಟವಾಗಿ ಸ್ಕ್ಯಾನ್ ಮಾಡಿ ಒಂದು ಫೋಲ್ಡರಿನಲ್ಲಿಡಿ. ಖಾತೆಯ ಹೆಸರೂ ಪ್ರಮಾಣಪತ್ರದ ಹೆಸರೂ ಬೇರೆಬೇರೆ ಇದ್ದರೆ (ಮನೆಯಲ್ಲಿ ಕರೆಯುವ ಹೆಸರಿನಲ್ಲಿ ಖಾತೆ ತೆರೆದವರು ಬಹಳ) ಅರ್ಜಿ ಹಿಂದೆ ಬರುತ್ತದೆ. ಎರಡೂ ಒಬ್ಬರೇ ಎಂದು ತೋರಿಸುವ ಯಾವುದಾದರೂ ದಾಖಲೆಯನ್ನು ಮೊದಲ ಸಲವೇ ಸೇರಿಸಿ ಕಳಿಸಿ.

## ಹೊಸ ಪುಟ ಎಲ್ಲಿ?

ಅಂತರ್ಜಾಲದ ಸ್ಮಾರಕಗಳು ಹೊಸವೇನಲ್ಲ. ಕೆನಡಾದ ಮೈಕ್ ಕಿಬ್ಬೀ ‘ವರ್ಲ್ಡ್ ವೈಡ್ ಸೆಮೆಟರಿ’ ಶುರುಮಾಡಿದ್ದು 1995ರಲ್ಲಿ; ‘ಫೈಂಡ್ ಎ ಗ್ರೇವ್’ ಕೂಡ ಅದೇ ವರ್ಷದ್ದು. ಎರಡೂ ಈಗಲೂ ಉಳಿದಿವೆ. ಅದೇ ಕಾಲದಲ್ಲಿ ಜನ ಉಚಿತ ಪುಟ ಕೊಡುತ್ತಿದ್ದ ಜಿಯೋಸಿಟೀಸ್‌ನಲ್ಲಿ ತಾವೇ ಕಟ್ಟಿಕೊಂಡ ಪುಟಗಳ ಗತಿ ಬೇರೆ. 2009ರಲ್ಲಿ ಆ ಸೇವೆ ಮುಚ್ಚಿದಾಗ, ಸ್ವಯಂಸೇವಕರು ನಕಲು ಮಾಡಿಟ್ಟುಕೊಂಡಷ್ಟು ಮಾತ್ರ ಉಳಿಯಿತು. ಸೇವೆ ಆರಿಸುವಾಗ ಈ ಎರಡೂ ಗತಿಗಳು ಕಣ್ಣ ಮುಂದಿರಲಿ.

ಸುಲಭದ ದಾರಿ ಸಾಮಾಜಿಕ ಜಾಲತಾಣದ ಒಂದು ಖಾಸಗಿ ಗುಂಪು. ಜನ ಈಗಾಗಲೇ ಅಲ್ಲಿದ್ದಾರೆ, ಕರೆಯುವುದು ಸುಲಭ. ಆದರೆ ಹಳೆಯ ಬರಹ ಕೆಳಗೆ ಸರಿದುಹೋಗುತ್ತದೆ, ಖಾತೆ ಇಲ್ಲದವರಿಗೆ ಕಾಣುವುದಿಲ್ಲ, ವಯಸ್ಸಾದವರು ಹೊರಗುಳಿಯುತ್ತಾರೆ. ಎರಡನೆಯದು, ಸ್ಮರಣೆಗೆಂದೇ ಇರುವ ಜಾಲತಾಣಗಳು. ಅಲ್ಲಿ ಹಣ ಕಟ್ಟುವ ಮೊದಲು ಐದು ಪ್ರಶ್ನೆ ಕೇಳಿ. ನಾವು ಹಾಕಿದ್ದೆಲ್ಲವನ್ನೂ ಕಮೆಂಟ್ ಸಮೇತ ಒಟ್ಟಿಗೆ ಇಳಿಸಿಕೊಳ್ಳಬಹುದೇ? ಹಣ ನಿಲ್ಲಿಸಿದರೆ ಪುಟ ಉಳಿಯುತ್ತದೆಯೇ, ಬೀಗ ಬೀಳುತ್ತದೆಯೇ? ಪಕ್ಕದಲ್ಲಿ ಯಾವ ಬಗೆಯ ಜಾಹೀರಾತು ಬರುತ್ತದೆ? ಒಬ್ಬರಿಗಿಂತ ಹೆಚ್ಚು ಜನ ಉಸ್ತುವಾರಿಗಳಾಗಬಹುದೇ? ಕಂಪನಿ ಮುಚ್ಚಿದರೆ ಎಷ್ಟು ದಿನ ಮುಂಚೆ ತಿಳಿಸುತ್ತಾರೆ? ‘ಆಜೀವ’ ಎಂದು ಬರೆದಿದ್ದರೆ ಅದು ಕಂಪನಿಯ ಆಯುಷ್ಯ, ನಿಮ್ಮದಲ್ಲ. ಮೊದಲ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಉಳಿದ ನಾಲ್ಕನ್ನು ಕೇಳುವುದೇ ಬೇಡ.

ಮೂರನೆಯದು ಸ್ವಂತ ಡೊಮೈನಿನ ಸರಳ ಜಾಲತಾಣ. ಮನೆಯಲ್ಲಿ ಈ ಕೆಲಸ ಬಲ್ಲವರು ಇಬ್ಬರಾದರೂ ಇದ್ದರೆ ಇದೇ ಒಳ್ಳೆಯದು. ಒಬ್ಬರೇ ಇದ್ದರೆ ಬೇಡ. ಮಾಡುವುದಾದರೆ ಡೇಟಾಬೇಸ್, ಪ್ಲಗಿನ್ (ಜಾಲತಾಣಕ್ಕೆ ಸೇರಿಸುವ ಸಣ್ಣ ತಂತ್ರಾಂಶ) ಬೇಡುವ ವ್ಯವಸ್ಥೆಗಿಂತ ಬರಿಯ ಎಚ್‌ಟಿಎಂಎಲ್ ಪುಟ, ಫೋಟೊ ಫೋಲ್ಡರು ಇಷ್ಟೇ ಇರಲಿ. ಪ್ಲಗಿನ್‌ಗಳನ್ನು ತಿಂಗಳುಗಟ್ಟಲೆ ಅಪ್‌ಡೇಟ್ ಮಾಡದಿದ್ದರೆ ಅಲ್ಲಿಂದಲೇ ಕಿಡಿಗೇಡಿಗಳು ನುಗ್ಗುವುದು. ಸರಳ ಪುಟವನ್ನು ಇಪ್ಪತ್ತು ವರ್ಷದ ನಂತರವೂ ಪೆನ್‌ಡ್ರೈವಿನಿಂದ ತೆರೆಯಬಹುದು.

ವಿಕಿಪೀಡಿಯದಲ್ಲಿ ಲೇಖನ ಬರೆಯುವ ಯೋಚನೆ ಬಂದರೆ ಕೈಬಿಡಿ. ಅದು ಸ್ಮಾರಕದ ಜಾಗವಲ್ಲ ಎಂದು ಅವರ ನೀತಿಯಲ್ಲೇ ಇದೆ. ಅಪ್ಪನ ಮೇಲೆ ಬರೆದ ಲೇಖನದ ತಲೆಯ ಮೇಲೆ ‘ಅಳಿಸಲು ಸೂಚಿಸಲಾಗಿದೆ’ ಎಂಬ ಫಲಕ ನೋಡುವ ಸಂಕಟ ಯಾರಿಗೂ ಬೇಡ.

## ಏನು ಬರೆಯಬೇಕು, ಏನು ಬರೆಯಬಾರದು

ನಿಧನ ವಾರ್ತೆ ಬೇರೆ, ನೆನಪಿನ ಪುಟ ಬೇರೆ. ವಾರ್ತೆ ಆ ದಿನವೇ ಹೋಗಬೇಕು, ನಾಲ್ಕು ಸಾಲು ಸಾಕು. ಪುಟಕ್ಕೆ ತಿಂಗಳಾದರೂ ಚಿಂತೆಯಿಲ್ಲ. ಒಂದು ನಿಯಮ ಮಾತ್ರ ಕಟ್ಟುನಿಟ್ಟು: ಹತ್ತಿರದವರೆಲ್ಲರಿಗೂ ಫೋನಿನಲ್ಲಿ ತಿಳಿಸಿಯಾದ ಮೇಲೆಯೇ ಸಾರ್ವಜನಿಕವಾಗಿ ಬರೆಯಬೇಕು. ಮಗನಿಗೆ ಸುದ್ದಿ ಸ್ಟೇಟಸ್ಸಿನಿಂದ ತಿಳಿಯುವಂತಾಗಬಾರದು.

ಪುಟದ ಮುಖ್ಯ ಬರಹಕ್ಕೆ 300ರಿಂದ 500 ಪದ ಹದವಾದ ಅಳತೆ. ‘ಸರಳ ಜೀವಿ, ಎಲ್ಲರಿಗೂ ಬೇಕಾದವರು’ ಎಂಬಂಥ ಸಾಲು ಯಾರ ಮೇಲೆ ಬರೆದರೂ ಹೊಂದುತ್ತದೆ, ಆದ್ದರಿಂದ ಯಾರನ್ನೂ ತೋರಿಸುವುದಿಲ್ಲ. ಅವರು ರಿಪೇರಿ ಮಾಡುತ್ತಿದ್ದ ರೇಡಿಯೊ, ಯಾರಿಗೂ ಬಿಟ್ಟುಕೊಡದ ಕುರ್ಚಿ, ಸಿಟ್ಟು ಬಂದಾಗ ಆಡುತ್ತಿದ್ದ ಮಾತು ಇಂಥವು ಎರಡಿದ್ದರೂ ಮನುಷ್ಯ ಕಣ್ಣಿಗೆ ಕಟ್ಟುತ್ತಾನೆ. ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್ ಲಿಪಿಯಲ್ಲೂ ಬರೆಯಿರಿ. ಹಳೆಯ ಸಹಪಾಠಿಗಳು ಯಾವುದರಲ್ಲಿ ಹುಡುಕುತ್ತಾರೋ ತಿಳಿಯದು. ಮದುವೆಗೆ ಮುಂಚಿನ ಹೆಸರಿನಿಂದ ಗೊತ್ತಿದ್ದವರೂ ಇರುತ್ತಾರೆ, ಆದರೆ ಅದಕ್ಕೆ ಕೆಳಗೆ ಹೇಳುವ ಎಚ್ಚರ ಬೇಕು. ಕನ್ನಡವನ್ನು ಎಲ್ಲ ಫೋನು, ಕಂಪ್ಯೂಟರುಗಳೂ ಓದಬಲ್ಲ ಯೂನಿಕೋಡಿನಲ್ಲೇ ಟೈಪ್ ಮಾಡಿ. ಹಳೆಯ ಫಾಂಟಿನಲ್ಲಿ ಸಿದ್ಧಮಾಡಿದ ಶ್ರದ್ಧಾಂಜಲಿಯನ್ನು ಹಾಗೇ ನಕಲಿಸಿ ಅಂಟಿಸಿದರೆ ಪರದೆಯ ಮೇಲೆ ಬರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು.

ಬರೆಯಬಾರದ್ದರಲ್ಲಿ ಮೊದಲನೆಯದು ಪೂರ್ತಿ ಜನ್ಮದಿನಾಂಕ. ಇಸವಿ ಸಾಕು. ಜನ್ಮದಿನಾಂಕ, ತಾಯಿಯ ತವರಿನ ಹೆಸರು, ವಿಳಾಸ ಈ ಮೂರು ಸೇರಿದರೆ ಸತ್ತವರ ಹೆಸರಿನಲ್ಲಿ ಸಾಲ ಎತ್ತುವವರಿಗೆ, ಮಕ್ಕಳ ಖಾತೆಗಳ ಭದ್ರತಾ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ಎಲ್ಲವೂ ಸಿಕ್ಕಂತೆ. ಮರಣ ಪ್ರಮಾಣಪತ್ರದ ಚಿತ್ರವನ್ನು ಎಂದಿಗೂ ಹಾಕಬೇಡಿ. ಅಂತಿಮ ಸಂಸ್ಕಾರದ ಹೊತ್ತು, ಜಾಗ ತಿಳಿಸುವಾಗ ಅದರ ಜೊತೆಗೇ ಮನೆಯ ವಿಳಾಸ ಬರೆದರೆ, ಆ ಹೊತ್ತಿನಲ್ಲಿ ಮನೆ ಖಾಲಿ ಎಂದು ಸಾರಿದಂತಾಗುತ್ತದೆ.

ಸಾವಿನ ಕಾರಣ ಹೇಳಬೇಕೆಂಬ ಕಡ್ಡಾಯವಿಲ್ಲ. ಮನೆಯವರು ಒಂದು ವಾಕ್ಯ ಒಪ್ಪಿಕೊಂಡು ಎಲ್ಲರೂ ಅದನ್ನೇ ಹೇಳುವುದು ಒಳ್ಳೆಯದು. ಏನೂ ಹೇಳದೆ ಬಿಟ್ಟ ಕಡೆ ಊಹಾಪೋಹ ಬೆಳೆಯುತ್ತದೆ. ಆತ್ಮಹತ್ಯೆಯಾಗಿದ್ದರೆ ಹೆಚ್ಚು ಎಚ್ಚರ ಬೇಕು. ವಿಧಾನ, ಸ್ಥಳ, ಬಿಟ್ಟುಹೋದ ಚೀಟಿ ಇವುಗಳ ವಿವರ ಬೇಡ. ಪರೀಕ್ಷೆಯಿಂದ, ಪ್ರೇಮದಿಂದ ಎಂದು ಒಂದೇ ಕಾರಣಕ್ಕೆ ಕಟ್ಟಿಹಾಕುವುದು ಬೇಡ. ‘ಕೊನೆಗೂ ನೆಮ್ಮದಿ ಸಿಕ್ಕಿತು’ ಎಂಬ ಸಾಲು ಖಂಡಿತ ಬೇಡ, ಅದೇ ನೋವಿನಲ್ಲಿರುವ ಇನ್ನೊಬ್ಬರು ಅದನ್ನು ದಾರಿಯೆಂದು ಓದಿಕೊಳ್ಳಬಹುದು. ನಿಮ್ಮ ಪ್ರದೇಶದ ಸಹಾಯವಾಣಿಯ ನಂಬರನ್ನು ಪರೀಕ್ಷಿಸಿ, ಪುಟದಲ್ಲಿ ಕಾಣುವಂತೆ ಹಾಕಿ.

## ಫೋಟೊ, ದನಿ

ಹಳೆಯ ಕಾಗದದ ಫೋಟೊಗಳನ್ನು 600 ಡಿಪಿಐಯಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯಂತೆ, ಸ್ಕ್ಯಾನ್ ಮಾಡಿ. 4×6 ಇಂಚಿನ ಚಿತ್ರ ಆಗ 2400×3600 ಪಿಕ್ಸೆಲ್ ಆಗುತ್ತದೆ, ದೊಡ್ಡದಾಗಿ ಮುದ್ರಿಸಲೂ ಸಾಕು. ಗುರುತಿನ ಚೀಟಿಯ ಸಣ್ಣ ಫೋಟೊಗೆ 1200 ಬೇಕು, ಪತ್ರಗಳಿಗೆ 300 ಸಾಕು. ಮೂಲ ಪ್ರತಿ ಟಿಫ್ ಅಥವಾ ಪಿಎನ್‌ಜಿ ರೂಪದಲ್ಲಿ ಉಳಿಯಲಿ. ಪುಟಕ್ಕೆ ಹಾಕಲು ಉದ್ದದ ಬದಿ 2000 ಪಿಕ್ಸೆಲ್ ಇರುವ ಜೆಪೆಗ್ ಪ್ರತಿ ಮಾಡಿಕೊಳ್ಳಿ. ಆಲ್ಬಮ್ಮಿಗೆ ಅಂಟಿಕೊಂಡ ಫೋಟೊ ಕೀಳಬೇಡಿ, ಮೇಲಿನ ಪದರ ಕಿತ್ತುಬರುತ್ತದೆ. ಹಾಳೆ ಸಮೇತ ಸ್ಕ್ಯಾನರಿನ ಮೇಲಿಡಿ, ಇಲ್ಲವೇ ಕಿಟಕಿಯ ಪಕ್ಕದ ಬೆಳಕಿನಲ್ಲಿ ಫ್ಲ್ಯಾಷ್ ಇಲ್ಲದೆ ನೇರ ಮೇಲಿನಿಂದ ಫೋಟೊ ತೆಗೆಯಿರಿ. ಬೆನ್ನಿನಲ್ಲಿ ಏನಾದರೂ ಬರೆದಿದ್ದರೆ ಅದನ್ನೂ ಸ್ಕ್ಯಾನ್ ಮಾಡಬೇಕು.

ನೆಂಟರಿಂದ ಫೋಟೊ ತರಿಸುವಾಗ ‘ವಾಟ್ಸ್ಯಾಪಿನಲ್ಲಿ ಕಳಿಸಿ’ ಎಂದಷ್ಟೇ ಹೇಳಿದರೆ ಕುಗ್ಗಿದ ಚಿತ್ರ ಬರುತ್ತದೆ. ಡಾಕ್ಯುಮೆಂಟ್ ಎಂದು ಲಗತ್ತಿಸಿ ಕಳಿಸಲು ಹೇಳಿ, ಆಗ ಮೂಲ ಗಾತ್ರ ಉಳಿಯುತ್ತದೆ. ಹೊಸ ಫೋಟೊಗಳ ಕಡತದೊಳಗೆ ತೆಗೆದ ಸ್ಥಳದ ಜಿಪಿಎಸ್ ಗುರುತು ಅಡಗಿರುತ್ತದೆ. ಸಾರ್ವಜನಿಕ ಪುಟಕ್ಕೆ ಹೋಗುವ ಪ್ರತಿಯಿಂದ ಅದನ್ನು ತೆಗೆಯಬೇಕು. ಕಡತದ ಹೆಸರಿನಲ್ಲಿ ಇಸವಿ ಮೊದಲು ಬರಲಿ: 1984, ತಿಂಗಳು, ಆಮೇಲೆ ಸಂದರ್ಭ. ಹಾಗೆ ಮಾಡಿದರೆ ಕಾಲಕ್ರಮದ ಜೋಡಣೆ ತಾನಾಗಿಯೇ ಆಗುತ್ತದೆ.

ಪುಟಕ್ಕೆ 20ರಿಂದ 40 ಚಿತ್ರ ಸಾಕು. ನಾನೂರು ಹಾಕಿದರೆ ಯಾರೂ ಕೊನೆಯವರೆಗೆ ನೋಡುವುದಿಲ್ಲ. ಉಳಿದವು ಮನೆಯವರ ಸಂಗ್ರಹದಲ್ಲಿರಲಿ. ಪ್ರತಿ ಚಿತ್ರಕ್ಕೂ ‘ಎಡದಿಂದ’ ಎಂದು ಶುರುಮಾಡಿ ಹೆಸರು ಬರೆಯಿರಿ. ಗುರುತು ಹಿಡಿಯಬಲ್ಲ ಹಿರಿಯರು ಇರುವಾಗಲೇ ಆಗಬೇಕಾದ ಕೆಲಸ ಇದು, ಮುಂದಕ್ಕೆ ಹಾಕುವಂಥದಲ್ಲ. ಆಸ್ಪತ್ರೆಯ ಹಾಸಿಗೆಯ ಚಿತ್ರಗಳನ್ನು ಬಿಟ್ಟುಬಿಡುವುದೇ ಮೇಲು. ಕೃತಕ ಬುದ್ಧಿಮತ್ತೆ ಬಳಸಿ ಮಸುಕು ಫೋಟೊ ತಿಳಿಗೊಳಿಸಿದರೆ ಅದು ಇಲ್ಲದ ಗೆರೆಗಳನ್ನು ಊಹಿಸಿ ತುಂಬುತ್ತದೆ. ಮುಖ ಹೋಲುತ್ತದೆ, ಆದರೆ ಅವರದಲ್ಲ. ಮಾಡಿದರೂ ಮೂಲವನ್ನು ಪಕ್ಕದಲ್ಲೇ ಇಡಿ, ತಿದ್ದಿದ್ದು ಎಂದು ಬರೆಯಿರಿ. ಹೋದವರ ದನಿಯನ್ನು ಯಂತ್ರಕ್ಕೆ ಕಲಿಸಿ ಹೊಸ ಮಾತು ಆಡಿಸುವ ಸೇವೆಗಳೂ ಬಂದಿವೆ. ಬದುಕಿದ್ದಾಗ ಅವರೇ ಒಪ್ಪಿರದಿದ್ದರೆ ಅದು ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ.

ನಿಜವಾದ ದನಿ ಇದ್ದರೆ ಸಣ್ಣದೂ ದೊಡ್ಡದೇ. ವಾಟ್ಸ್ಯಾಪಿನ ದನಿ ಸಂದೇಶ ‘ಓಪಸ್’ ರೂಪದ ಕಡತ. ಅದನ್ನು ಇದ್ದಹಾಗೆ ಒಂದು ಪ್ರತಿ ಇಟ್ಟು, ಎಲ್ಲ ಕಡೆ ನಡೆಯುವ ಎಂಪಿ3 ಇನ್ನೊಂದು ಮಾಡಿಕೊಳ್ಳಿ. ಗದ್ದಲ ತೆಗೆಯುವ ಉಪಕರಣವನ್ನು ಜೋರಾಗಿ ಬಳಸಿದರೆ ದನಿಯ ಸಹಜತೆ ಹೋಗುತ್ತದೆ; ಹಿಂದಿನ ಫ್ಯಾನಿನ ಸದ್ದು ಇದ್ದರೆ ಇರಲಿ. ಪುಟದಲ್ಲಿ ದನಿ ತಾನಾಗಿ ಶುರುವಾಗದಿರಲಿ, ಒತ್ತಿದರೆ ಮಾತ್ರ ಕೇಳಿಸಲಿ. ಸಿದ್ಧವಿಲ್ಲದ ಮನಸ್ಸಿಗೆ ಅದು ಹೊಡೆತ.

## ಜನರನ್ನು ಕರೆಯುವುದು, ಕಮೆಂಟು ಕಾಯುವುದು

‘ನಿಮ್ಮ ನೆನಪು ಹಂಚಿಕೊಳ್ಳಿ’ ಎಂದರೆ ಬರುವುದು ‘ಓಂ ಶಾಂತಿ’, ಕೈಮುಗಿದ ಚಿತ್ರ. ಅದರಲ್ಲಿ ತಪ್ಪಿಲ್ಲ, ಆದರೆ ಇನ್ನಷ್ಟು ಬೇಕಿದ್ದರೆ ಚಿಕ್ಕ ಪ್ರಶ್ನೆ ಕೇಳಿ: ಅವರನ್ನು ಮೊದಲು ನೋಡಿದ್ದು ಎಲ್ಲಿ? ಅವರಿಂದ ಕಲಿತ ಒಂದು ಕೆಲಸ ಯಾವುದು? ನಿಮ್ಮನ್ನು ಏನೆಂದು ಕರೆಯುತ್ತಿದ್ದರು? ಟೈಪ್ ಮಾಡಲು ಬಾರದ ಹಿರಿಯರಿಂದ ಎರಡು ನಿಮಿಷದ ದನಿ ಸಂದೇಶ ತರಿಸಿ, ಮನೆಯ ಹುಡುಗರಲ್ಲಿ ಒಬ್ಬರು ಬರೆದು ಹಾಕಲಿ.

ಕಮೆಂಟುಗಳು ಒಪ್ಪಿಗೆ ಸಿಕ್ಕ ಮೇಲೆಯೇ ಕಾಣುವಂತೆ ಶುರುವಿನಿಂದಲೇ ಹೊಂದಿಸಿ. ಈ ಉಸ್ತುವಾರಿ ಅತಿ ಹತ್ತಿರದವರ ಮೇಲೆ ಬೀಳಬಾರದು. ಹೆಂಡತಿ ಅಥವಾ ತಾಯಿ ದಿನಕ್ಕೆ ಐವತ್ತು ಸಂತಾಪ ಓದಿ ಒಪ್ಪಿಗೆ ಒತ್ತುತ್ತ ಕೂರುವುದು ಕ್ರೌರ್ಯ. ಸೋದರ ಸಂಬಂಧಿಯೊಬ್ಬರು, ಸ್ನೇಹಿತರೊಬ್ಬರು ಹೀಗೆ ಇಬ್ಬರು ಸಾಕು. ಹಳೆಯ ಜಗಳ, ಬಾಕಿ ಹಣ, ಆಸ್ತಿ ಇವುಗಳ ಮಾತು ಬಂದರೆ ಅಳಿಸದೆ ಮರೆಮಾಡಿ, ಪ್ರತಿಯೊಂದು ಇಟ್ಟುಕೊಂಡು, ಬರೆದವರಿಗೆ ಖಾಸಗಿಯಾಗಿ ಫೋನ್ ಮಾಡಿ. ಎಲ್ಲರೆದುರು ಉತ್ತರ ಕೊಟ್ಟರೆ ಪುಟ ಪಂಚಾಯಿತಿ ಕಟ್ಟೆಯಾಗುತ್ತದೆ.

ಕಳ್ಳರು ಬರುವುದು ಮೊದಲ ವಾರದಲ್ಲೇ. ನಿಧನ ವಾರ್ತೆಯ ಕೆಳಗೆ ‘ಅಂತ್ಯಕ್ರಿಯೆಯ ನೇರ ಪ್ರಸಾರ ಇಲ್ಲಿ ನೋಡಿ’ ಎಂದು ಲಿಂಕ್ ಹಾಕಿ ಕಾರ್ಡಿನ ವಿವರ ಕೇಳುವುದು ಈಗ ಚಾಲ್ತಿಯಲ್ಲಿರುವ ಮೋಸ. ಇನ್ನೊಂದು, ಮನೆಯವರ ಹೆಸರಿನಲ್ಲಿ ನಕಲಿ ಹಣಸಂಗ್ರಹ. ಮೂರನೆಯದು, ವಾರ್ತೆಯನ್ನು ಕದ್ದು, ಯಂತ್ರದಿಂದ ಸುಳ್ಳುಪಳ್ಳು ವಿವರ ಸೇರಿಸಿ ಬರೆಸಿ, ಜಾಹೀರಾತಿನ ಹಣಕ್ಕಾಗಿ ನಡೆಸುವ ನಿಧನ ವಾರ್ತೆ ತಾಣಗಳು. ಇದಕ್ಕೆ ಮದ್ದು, ಮೊದಲ ಪೋಸ್ಟಿನಲ್ಲೇ ಸ್ಪಷ್ಟವಾಗಿ ಬರೆಯುವುದು: ನೇರ ಪ್ರಸಾರ ಇದೆಯೋ ಇಲ್ಲವೋ, ಹಣ ಕೇಳುತ್ತಿದ್ದೇವೆಯೋ ಇಲ್ಲವೋ, ಅಧಿಕೃತ ಲಿಂಕ್ ಯಾವುದು.

ದೂರದವರಿಗಾಗಿ ವಿಡಿಯೊ ಸಭೆ ನಡೆಸುವುದಾದರೆ ಕೆಲವು ಮಾತು. ಮಾತಾಡಿಸುವವರು ಬೇರೆ, ಗುಂಡಿ ಒತ್ತುವವರು ಬೇರೆ ಇರಬೇಕು. ಝೂಮ್‌ನ ಉಚಿತ ಖಾತೆಯಲ್ಲಿ ಸಭೆ 40 ನಿಮಿಷಕ್ಕೆ ಕಡಿದುಹೋಗುತ್ತದೆ. ಯಾರೋ ಅಳುತ್ತ ಮಾತಾಡುತ್ತಿರುವಾಗ ಹಾಗಾಗಬಾರದು. ಎಲ್ಲರ ಮೈಕ್ ಮುಚ್ಚಿ ಶುರುಮಾಡಿ, ಲಿಂಕನ್ನು ಸಾರ್ವಜನಿಕವಾಗಿ ಹಾಕಬೇಡಿ, ಒಳಬಿಡುವ ಮುನ್ನ ಹೆಸರು ನೋಡಿ. ಹಾಡು ಹೇಳುವವರಿದ್ದರೆ ಅವರ ಕಡೆ ‘ಒರಿಜಿನಲ್ ಸೌಂಡ್’ ಹಾಕಿಸಿ, ಇಲ್ಲವಾದರೆ ತಂತ್ರಾಂಶ ಶ್ರುತಿಯನ್ನು ಗದ್ದಲವೆಂದು ತಿಳಿದು ನುಂಗುತ್ತದೆ. ಫೇಸ್‌ಬುಕ್ ಅಥವಾ ಯೂಟ್ಯೂಬಿನ ನೇರ ಪ್ರಸಾರದಲ್ಲಿ ಅವರ ಮೆಚ್ಚಿನ ಸಿನಿಮಾ ಹಾಡು ಹಾಕಿದರೆ ಹಕ್ಕುಸ್ವಾಮ್ಯದ ಕಾರಣಕ್ಕೆ ದನಿ ಅಥವಾ ಪ್ರಸಾರವೇ ನಿಲ್ಲಬಹುದು. ರೆಕಾರ್ಡ್ ಮಾಡುತ್ತಿದ್ದರೆ ಮೊದಲೇ ಹೇಳಿ.

ಫೋನು ತಾನಾಗಿ ಎತ್ತಿ ತೋರಿಸುವ ನೆನಪುಗಳನ್ನೂ ಹದ್ದುಬಸ್ತಿನಲ್ಲಿಡಬೇಕು. ಗೂಗಲ್ ಫೋಟೋಸ್‌ನಲ್ಲೂ ಫೇಸ್‌ಬುಕ್ಕಿನ ಮೆಮೊರೀಸ್‌ನಲ್ಲೂ ನಿರ್ದಿಷ್ಟ ವ್ಯಕ್ತಿಯನ್ನು, ದಿನಾಂಕವನ್ನು ಮರೆಮಾಡುವ ಆಯ್ಕೆ ಇದೆ. ಫೋಟೊ ಅಳಿಯುವುದಿಲ್ಲ, ಬಸ್ಸಿನಲ್ಲಿ ಕುಳಿತಾಗ ದಿಢೀರನೆ ಎದುರಿಗೆ ಬರುವುದು ತಪ್ಪುತ್ತದೆ. ಬೇಕೆನಿಸಿದಾಗ ಹಿಂತೆಗೆದುಕೊಳ್ಳಬಹುದು.

## ಕಲ್ಲಿನ ಮೇಲೆ ಕ್ಯೂಆರ್

ಸಮಾಧಿಯ ಕಲ್ಲಿಗೋ ಸ್ಮರಣೆಗೆಂದು ಇಟ್ಟ ಬೆಂಚಿಗೋ ಕ್ಯೂಆರ್ ಹಾಕಿಸುವುದಾದರೆ, ಅದರೊಳಗೆ ನಿಮ್ಮದೇ ಡೊಮೈನಿನ ವಿಳಾಸ ನೇರವಾಗಿ ಇರಬೇಕು. ‘ಡೈನಮಿಕ್’ ಕ್ಯೂಆರ್ ಎಂದು ಮಾರುವವರ ಸಂಕೇತ ಅವರ ಸರ್ವರ್ ಮೂಲಕ ಹಾಯುತ್ತದೆ. ಚಂದಾ ನಿಂತರೆ ಕಲ್ಲು ಉಳಿಯುತ್ತದೆ, ಪುಟ ತೆರೆಯುವುದಿಲ್ಲ. ವಿಳಾಸ ಚಿಕ್ಕದಿರಲಿ, ಇಂಗ್ಲಿಷ್ ಅಕ್ಷರದಲ್ಲಿರಲಿ. ವಿಳಾಸದಲ್ಲಿ ಡೊಮೈನಿನ ನಂತರ ಬರುವ ಭಾಗದಲ್ಲಿ ಕನ್ನಡ ಬಳಸಿದರೆ ಒಂದೊಂದು ಯೂನಿಕೋಡ್ ಚಿಹ್ನೆಯೂ ಒಂಬತ್ತು ಚಿಹ್ನೆಗಳಾಗಿ ಹಿಗ್ಗುತ್ತದೆ, ಚೌಕಗಳು ದಟ್ಟವಾಗಿ ಕೆತ್ತನೆ ಕೆಡುತ್ತದೆ. ದೋಷ ತಿದ್ದುವ ಮಟ್ಟ ‘ಎಚ್’ ಇರಲಿ; ಸಂಕೇತದ ಸುಮಾರು 30 ಶೇಕಡ ಹಾಳಾದರೂ ಓದಬಹುದು. ಅಗಲ ಓದುವ ದೂರದ ಹತ್ತನೇ ಒಂದು ಪಾಲು, ಅಂದರೆ ಅರ್ಧ ಮೀಟರಿನಿಂದ ಓದಲು 5 ಸೆಂ.ಮೀ. ಸುತ್ತ ನಾಲ್ಕು ಚೌಕದಷ್ಟು ಖಾಲಿ ಅಂಚು ಬಿಡಿ. ಕಪ್ಪು ಕಲ್ಲಿನ ಮೇಲೆ ಬಿಳಿ ಚೌಕ ಕೆತ್ತಿದರೆ ಬಣ್ಣ ತಿರುಗುಮುರುಗಾಗಿ ಕೆಲವು ಫೋನುಗಳು ಓದುವುದಿಲ್ಲ. ತಿಳಿ ಬಣ್ಣದ ಲೋಹದ ಫಲಕದ ಮೇಲೆ ಕಪ್ಪು ಗುರುತು ಎಲ್ಲಕ್ಕಿಂತ ಭದ್ರ. ಕೆತ್ತಿಸುವ ಮೊದಲು ಕಾಗದದಲ್ಲಿ ಅದೇ ಅಳತೆಗೆ ಮುದ್ರಿಸಿ, ಬಿಸಿಲಿನಲ್ಲಿ, ಹಳೆಯ ಫೋನಿನಿಂದಲೂ ಪರೀಕ್ಷಿಸಿ.

## ಹತ್ತು ವರ್ಷದ ಲೆಕ್ಕ

ಸಾಮಾನ್ಯವಾಗಿ ಬಳಸುವ ಡೊಮೈನ್‌ಗಳನ್ನು ಒಂದು ಸಲಕ್ಕೆ ಹೆಚ್ಚೆಂದರೆ ಹತ್ತು ವರ್ಷಕ್ಕೆ ನೋಂದಾಯಿಸಬಹುದು. ತಾನಾಗಿ ನವೀಕರಣವಾಗುವ ಏರ್ಪಾಡು ಸೋಲುವುದು ಕಾರ್ಡಿನ ಅವಧಿ ಮುಗಿದಾಗ; ಎಚ್ಚರಿಕೆಯ ಪತ್ರ ಹೋಗುವುದು ಯಾರೂ ನೋಡದ ಈಮೇಲಿಗೆ. ಹಾಗೆ ಬಿಟ್ಟುಹೋದ ಡೊಮೈನನ್ನು ಬೇರೆಯವರು ಕೊಂಡು ಜೂಜಿನ ಜಾಹೀರಾತು ತುಂಬುತ್ತಾರೆ, ಅಜ್ಜಿಯ ಹೆಸರಿನ ವಿಳಾಸದಲ್ಲೇ. ಆದ್ದರಿಂದ ನೋಂದಣಿಯ ಈಮೇಲ್ ಹೋದವರದ್ದಾಗಿರಬಾರದು, ಒಬ್ಬರದ್ದೇ ಆಗಿರಲೂಬಾರದು. ಪುಟಕ್ಕೆಂದೇ ಒಂದು ಈಮೇಲ್ ತೆರೆದು, ಮೂವರಿಗೆ ಪ್ರವೇಶ ಕೊಡಿ. ಮೂವರಲ್ಲಿ ಒಬ್ಬರಾದರೂ ಮುಂದಿನ ತಲೆಮಾರಿನವರಿರಲಿ.

ಪುಟ ಸಿದ್ಧವಾದ ದಿನ, ಜಾಲತಾಣಗಳ ಪ್ರತಿ ಕಾಯ್ದಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷೀನಿಗೆ ಹೋಗಿ, ‘ಸೇವ್ ಪೇಜ್ ನೌ’ ಎಂಬಲ್ಲಿ ವಿಳಾಸ ಕೊಟ್ಟು ಒಂದು ಪ್ರತಿ ತೆಗೆಸಿ. ಲಾಗಿನ್ ಬೇಕಾಗುವ ಪುಟಕ್ಕೆ ಇದು ನಡೆಯುವುದಿಲ್ಲ. ಸಾರ್ವಜನಿಕ ಮಾಡಲು ಮನಸ್ಸಿಲ್ಲದ್ದನ್ನು ಅಲ್ಲಿ ಹಾಕಲೂಬಾರದು. ಮನೆಯ ಸಂಗ್ರಹಕ್ಕೆ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಮನೆಯಲ್ಲಿ ಎಂಬ ಹಳೆಯ ಸೂತ್ರವೇ ಸಾಕು. ಪೆನ್‌ಡ್ರೈವನ್ನೇ ನಂಬಬೇಡಿ, ವರ್ಷಗಟ್ಟಲೆ ಕರೆಂಟ್ ಕಾಣದೆ ಬಿದ್ದರೆ ಅದರೊಳಗಿನದು ಅಳಿಯಬಹುದು. ಕಮೆಂಟುಗಳ ಸಮೇತ ಪಿಡಿಎಫ್ ಮಾಡಿ ನಾಲ್ಕು ಪ್ರತಿ ಮುದ್ರಿಸಿ ಹಂಚಿದರೆ ಅದೂ ಒಂದು ಬ್ಯಾಕಪ್ಪೇ. ವರ್ಷಕ್ಕೊಮ್ಮೆ, ಅವರು ತೀರಿಕೊಂಡ ದಿನಕ್ಕಿಂತ ಒಂದು ವಾರ ಮೊದಲು, ಲಿಂಕು, ನವೀಕರಣದ ದಿನಾಂಕ, ಕಮೆಂಟು, ಬ್ಯಾಕಪ್ ಕಡತ ತೆರೆಯುತ್ತದೆಯೇ ಎಂಬುದನ್ನು ನೋಡಿ. ಆ ದಿನವೇ ಈ ಕೆಲಸ ಇಟ್ಟುಕೊಂಡರೆ ಮನಸ್ಸು ನಿಲ್ಲದೆ ಅದು ಆಗುವುದೇ ಇಲ್ಲ.

ಇದನ್ನೆಲ್ಲ ಮಾಡಿ ಮುಗಿಸಿದವರು ನಿಮ್ಮದೇ ಖಾತೆಗಳ ಕಡೆಗೂ ನೋಡಿ, ಅರ್ಧ ಗಂಟೆಯ ಕೆಲಸ. ಗೂಗಲ್‌ನ ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ನಲ್ಲಿ ಖಾತೆ ಎಷ್ಟು ಕಾಲ ಬಳಕೆಯಿಲ್ಲದಿದ್ದರೆ ಸುದ್ದಿ ಹೋಗಬೇಕೆಂದು 3, 6, 12 ಅಥವಾ 18 ತಿಂಗಳ ಗಡುವು ಆರಿಸಿ, ಹತ್ತು ಜನರವರೆಗೆ ಹೆಸರಿಸಬಹುದು; ಯಾರಿಗೆ ಏನು ಸಿಗಬೇಕೆಂದು ಬೇರೆಬೇರೆ ಹೇಳಬಹುದು. ಆ್ಯಪಲ್‌ನಲ್ಲಿ ಐಒಎಸ್ 15.2ರಿಂದ ‘ಲೆಗಸಿ ಕಾಂಟ್ಯಾಕ್ಟ್’ ಇದೆ. ಹಾಗೆ ನೇಮಿಸಿದವರ ಕೈಗೆ ಒಂದು ಪ್ರವೇಶ ಕೀಲಿ ಸಿಗುತ್ತದೆ. ಮುಂದೆ ಅದರ ಜೊತೆಗೆ ಮರಣ ಪ್ರಮಾಣಪತ್ರ ಕೊಟ್ಟರೆ ಫೋಟೊ, ನೋಟ್ಸ್ ತೆರೆಯುತ್ತವೆ, ಉಳಿಸಿಟ್ಟ ಪಾಸ್‌ವರ್ಡ್‌ಗಳು ಸಿಗುವುದಿಲ್ಲ. ಆ ಕೀಲಿಯನ್ನು ಕಾಗದದಲ್ಲಿ ಮುದ್ರಿಸಿ ಆಸ್ತಿಪತ್ರಗಳ ಜೊತೆಗಿಡಿ. ಹೆಸರಿಸಿದವರಿಗೆ ನೀವು ಹೆಸರಿಸಿರುವ ವಿಷಯವನ್ನು ಹೇಳಿ. ಹೇಳದೆ ಬಿಟ್ಟರೆ ಮುಂದೊಂದು ದಿನ ಬರುವ ಆ ಈಮೇಲನ್ನು ಅವರು ಮೋಸದ ಪತ್ರವೆಂದು ಅಳಿಸಿಹಾಕುತ್ತಾರೆ.